ಹೊಗೆಕೊಳವೆಯ ಮೂಗು

ಸೋಮವಾರ, ಹದಿನಾಲ್ಕನೇ ತಾರೀಖು. ಇಂದು ಉಪವಾಸ. ಉಪವಾಸದ ದಿನದ ರೂಢಿಯಂತೆ ಬೆಳಿಗ್ಗೆ ಅಂಗಳ ಗುಡಿಸಿ, ಸೊಸೆ ಓಡಿಸುವ ಶಾಲಾ ವ್ಯಾನನ್ನು ಅಡಿಭಾಗಕ್ಕೂ ನೀರು ಹಾಯಿಸಿ ತೊಳೆದೆ. ಸೊಸೆ ಚಾಲು ಮಾಡುತ್ತಲೇ, ಪ್ರತಿ ಸೋಮವಾರದಂತೆ, ಎಂಜಿನ್ನಿನ ಎಚ್ಚರಿಕೆಯ ಹಳದಿ ದೀಪ ಹತ್ತಿತು. ಇನ್ನೊಮ್ಮೆ ಹತ್ತಿದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದಿದ್ದಾರೆ ಶಾಲೆಯವರು. ದೇವರ ಮುನಿಸೇನೋ ಎಂದು ಹೆದರಿದ್ದೆ.

ಸೊಸೆ ಕರೆಸಿದ ಮೆಕ್ಯಾನಿಕ್ ವ್ಯಾನಿನಡಿ ನುಸುಳಿ ಬೆರಳುದ್ದದ ಸೆನ್ಸರ್ ಬಿಚ್ಚಿ ತಂದ. "ಹೊಗೆ ಮೂಸಿ ಎಂಜಿನ್ನಿಗೆ ಸುದ್ದಿ ಹೇಳೋದು ಇದೇ, ಅಮ್ಮ. ವೈರ್ ಸೇರೋ ಕಡೆ ನೀರು ಹೋಗಿದೆ. ಸೋಮವಾರ ಸೋಮವಾರ ಎಲ್ಲಿಂದ ಬರುತ್ತೆ ಈ ನೀರು?"

ಸೊಸೆ ನಕ್ಕುಬಿಟ್ಟಳು. "ಉಪವಾಸ ನಮ್ಮತ್ತೆಗೆ, ಸ್ನಾನ ವ್ಯಾನಿಗೆ!"

ಅವನು ಒಣಗಿಸಿ, ಭದ್ರ ಮಾಡಿ, ದೀಪ ಆರಿಸಿಕೊಟ್ಟ. ನನಗಿನ್ನೂ ಮೈ ಜುಮ್ಮೆನ್ನುತ್ತಿದೆ. ಕತ್ತಲ ಕೊಳವೆಯಲ್ಲಿ, ಕೆಂಡದಂಥ ಬಿಸಿಯಲ್ಲಿ ಕೂತು ಒಂದೊಂದು ಉಸಿರನ್ನೂ ಮೂಸಿ ನೋಡುತ್ತದಂತೆ! ದೇವರೇ, ನೀನೂ ನಮ್ಮನ್ನು ಹೀಗೇ ಕಾಯುತ್ತೀಯಲ್ಲ. ಎಂಜಿನ್ ನಿಂತ ಮೇಲೆ ಆ ಮೂಗು ನಿದ್ದೆ ಮಾಡುತ್ತದೋ, ಎಚ್ಚರವಿರುತ್ತದೋ? ಸೊಸೆ ನಾಳೆ ಆ ಮೆಕ್ಯಾನಿಕ್‌ನನ್ನು ಕೇಳಿ ಉತ್ತರ ತಂದುಕೊಡಲಿ...