ಕಣ್ಣಿಗೆ ಬಟ್ಟೆ ಕಟ್ಟಿದ ಆಟ

ಮಳವಳ್ಳಿ
ತಾ. ೭-೧೨-೧೯೩೭, ಮಂಗಳವಾರ

ಚಿ. ಸೌ. ಗೋದಾಳಿಗೆ ನಿನ್ನ ತಾಯಿ ತಿರುಮಲಮ್ಮ ಮಾಡುವ ಆಶೀರ್ವಾದಗಳು.

ಎಲ್ಲರೂ ಕ್ಷೇಮವೆಂದು ಮೊದಲು ಬರೆಯಬೇಕು. ಬರೆದಿದ್ದೇನೆಂದು ತಿಳಿದುಕೋ. ಈ ಲಕೋಟೆಗೆ ಎರಡು ಸಲ ಅಂಟು ಹಚ್ಚಿ ಕಳಿಸುತ್ತೇನೆ. ನಮ್ಮ ಟಪಾಲಿನವನ ಮೇಲೆ ನನಗೆ ನಂಬಿಕೆಯಿಲ್ಲ. ಬಿಚ್ಚಿದ ಗುರುತು ಕಂಡರೆ ತಿಳಿಸು.

ನಿನ್ನ ಕಾಗದ ಶನಿವಾರ ಬಂತು. ಹೆಣ್ಣುಮಕ್ಕಳ ಶಾಲೆಯ ಮೇಷ್ಟ್ರಮ್ಮ ಮಲ್ಲಿಗಮ್ಮನ ಮೇಲೆ ಮಂಡ್ಯದಲ್ಲಿ ಅಳಿಯಂದಿರ ಕಚೇರಿಗೆ ಮೂಗರ್ಜಿ ಬಂದಿದೆ, ಮುಂದಿನ ಸೋಮವಾರ ಇನ್‌ಸ್ಪೆಕ್ಟರು ಬಂದು ವಿಚಾರಿಸುತ್ತಾರೆ, ದೂರು ನಿಜವಾದರೆ ಅವಳನ್ನು ಮುತ್ತತ್ತಿ ಕಡೆಗೆ ವರ್ಗ ಮಾಡುತ್ತಾರೆ ಎಂದು ಬರೆದಿದ್ದೀಯೆ. ಹೆಸರು ಹಾಕದೆ ಬರೆದ ಪುಣ್ಯಾತ್ಮರು ಯಾರಿರಬಹುದು ಎಂದು ನನ್ನನ್ನೇ ಕೇಳಿದ್ದೀಯೆ. ನಾನೇ.

ಕೂಗಾಡಬೇಡ, ಪೂರ್ತಿ ಓದು.

ಸಿಡುಬಿನಲ್ಲಿ ನಿನ್ನ ಮಗಳು ಪಂಕಜಳ ಕಣ್ಣು ಹೋದ ಮೇಲೆ ನಿಮ್ಮತ್ತೆ ಹಬ್ಬದ ದಿನವೂ ಮಗುವನ್ನು ಕೋಣೆಯೊಳಗೆ ಕೂರಿಸಿದರು. ಆ ವಾರವೇ ನಾನು ಅವಳನ್ನು ಇಲ್ಲಿಗೆ ಕರೆತಂದೆ. ಅಂದಿನಿಂದ ಬೀದಿಯಲ್ಲಿ ಯಾರು ನಕ್ಕರೂ ನನ್ನ ಮಗುವನ್ನು ನೋಡಿಯೇ ನಕ್ಕರು ಎನ್ನಿಸುತ್ತದೆ. ಹಿಂದೆ ಇದ್ದ ಮೇಷ್ಟ್ರು ಅವಳನ್ನು ಶಾಲೆಯ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದರು. ಈ ಮಲ್ಲಿಗಮ್ಮ ತಾನಾಗಿ ಮನೆಗೆ ಬಂದು ಮಗುವನ್ನು ಕಳಿಸಿಕೊಡಿ ಎಂದಳು. ಯಾರೂ ಕೇಳದ ಮಗುವನ್ನು ಇವಳೇಕೆ ಕೇಳುತ್ತಾಳೆ? ಏನೋ ಒಳಗುಟ್ಟು ಇರಲೇಬೇಕು ಎಂದುಕೊಂಡೇ ಕಳಿಸಿದೆ.

ದೀಪಾವಳಿ ಕಳೆದು ಒಂದು ದಿನ, ಮಗು ಮರೆತುಹೋದ ಬುತ್ತಿ ಕೊಡಲು ಹೋಗಿ ಕಿಟಕಿಯಲ್ಲಿ ಇಣುಕಿದೆ. ಪಾಠವಿಲ್ಲ, ಸ್ಲೇಟಿಲ್ಲ. ನೆಲದ ಮೇಲೆ ಮೂರು ನಾಲ್ಕು ಅಳಗುಳಿಮಣೆ. ಹುಡುಗಿಯರೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗುಳಿಗಳಲ್ಲಿ ತಡಕಾಡುತ್ತಿದ್ದಾರೆ, ಬಿದ್ದು ಬಿದ್ದು ನಗುತ್ತಿದ್ದಾರೆ. ನಮ್ಮ ಪಂಕಜಳ ಎದುರಿಗೆ ಕೂತವಳು ಕೇರಿಯ ಮಾದಯ್ಯನ ಮಗಳು ಚಲುವಿ. ಮಗುವನ್ನು ನಡುವೆ ಕೂರಿಸಿಕೊಂಡು ಅಣಕಿಸುತ್ತಿದ್ದಾರೆ ಎಂದು ನನ್ನ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ ಒಂದು ಮಾತು ಕೇಳಲಿಲ್ಲ. ಮನೆಗೆ ಬಂದು ಬರೆದೆ: ಪಾಠ ಬಿಟ್ಟು ಆಟ ಆಡಿಸುತ್ತಾಳೆ, ಜಾತಿ ಬೆರೆಸುತ್ತಾಳೆ, ಕುರುಡು ಮಗುವನ್ನು ಗೇಲಿ ಮಾಡಿಸುತ್ತಾಳೆ. ಅಳಿಯಂದಿರಿಗೆ ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ.

ಆಮೇಲೆ ನೋಡಿದರೆ ಮಗು ಮನೆಯಲ್ಲಿ ಲೆಕ್ಕ ಹೇಳುತ್ತಾಳೆ. ಗಿಳಿಪಾಠ ಇರಬೇಕೆಂದುಕೊಂಡೆ. ಆಟದಲ್ಲಿ ಗೆದ್ದೆ ಎಂದರೆ, ಅಯ್ಯೋ ಪಾಪವೆಂದು ಬಿಟ್ಟುಕೊಟ್ಟಿರುತ್ತಾರೆ ಎಂದುಕೊಂಡೆ. ನಿನ್ನ ಕಾಗದ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಪರೀಕ್ಷಿಸಿಯೇ ಬಿಡೋಣವೆಂದು ಭಾನುವಾರ ಅಟ್ಟದಿಂದ ಮಣೆ ಇಳಿಸಿದೆ. ಹದಿನಾಲ್ಕು ಗುಳಿಗೂ ಐದೈದು ಹುಣಿಸೆ ಬೀಜ ತುಂಬಿ, ಒಂದನ್ನು ಮೆಲ್ಲಗೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಗು ಎಲ್ಲ ಗುಳಿಗಳನ್ನೂ ಬೆರಳಿನಲ್ಲಿ ಸವರಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಅರವತ್ತೊಂಬತ್ತೇ ಇದೆ ಅಜ್ಜಿ. ಚಲುವಿ ಹೀಗೆಲ್ಲ ಮಾಡೋಲ್ಲ.”

ಈ ವಯಸ್ಸಿನಲ್ಲಿ ಮೊಮ್ಮಗಳ ಕೈಗೆ ಸಿಕ್ಕಿಬಿದ್ದೆ. ನಾಚಿಕೆಯಾಯಿತು ಗೋದಾ.

ನಿನ್ನೆ ಮಧ್ಯಾಹ್ನ ಶಾಲೆಗೆ ಹೋಗಿ, ಮಕ್ಕಳ ಕಣ್ಣು ಏಕೆ ಕಟ್ಟಿಸುತ್ತೀಯೆ ಎಂದು ಮಲ್ಲಿಗಮ್ಮನನ್ನು ನೇರವಾಗಿ ಕೇಳಿದೆ. ಗೆಜ್ಜಲಗೆರೆ ಕಡೆಯವಳು, ಮಾತು ಒರಟು.

“ನಾನ್ ಕಟ್ಸಿದ್ದಲ್ಲ ಕಣ್ರಮ್ಮ. ನಿಮ್ ಕೂಸು ನಾಚ್ಕಂಡು ಮೂಲೆ ಸೇರ್ಕಂಡಿತ್ತು. ಚಲುವಿ ತನ್ ಕಣ್ಗೆ ತಾನೇ ಬಟ್ಟೆ ಕಟ್ಕಂಡು, ಬಾ, ಈಗ ಇಬ್ರೂ ಒಂದೇ ಅಂದ್ಳು.”

ಅದನ್ನು ನೋಡಿ ಉಳಿದವರೂ ಕಟ್ಟಿಕೊಂಡರಂತೆ. ಕಟ್ಟಿಕೊಂಡ ಮೇಲೆ ಎಲ್ಲರಿಗಿಂತ ಪಂಕಜಳೇ ಚುರುಕು. ಈಗ ಬೇರೆ ಮಕ್ಕಳು ಅವಳನ್ನು ಕೇಳಿ ಎಣಿಕೆ ಕಲಿಯುತ್ತಾರೆ. ದೂರಿನ ಸುದ್ದಿ ಆಗಲೇ ಶಾಲೆಗೂ ಮುಟ್ಟಿದೆ. ವರ್ಗವಾದರೆ ತನಗೇನೂ ನಷ್ಟವಿಲ್ಲ, ಮುಂದೆ ಬರುವವರು ಈ ಕೂಸನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದೇ ಯೋಚನೆ ಎಂದಳು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿದೆಯೆಂದು ನನಗೆ ಗುಮಾನಿ.

ಮೂಗರ್ಜಿಯನ್ನು ಕದ್ದು ಹರಿದುಹಾಕಲು ಅಳಿಯಂದಿರಿಗೆ ಹೇಳಬೇಡ, ಅವರ ಕೆಲಸಕ್ಕೆ ಕುತ್ತು ಬಂದೀತು. ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಬಲಗೈಯಲ್ಲಿ ಬರೆದು, ದೂರು ಕೊಟ್ಟವಳು ನಾನೇ, ಅದು ಸುಳ್ಳು ಎಂದು ಹೆಸರು ಹಾಕಿದ್ದೇನೆ. ಸೋಮವಾರದ ಮೊದಲು ಅದು ಇನ್‌ಸ್ಪೆಕ್ಟರ ಕೈ ಸೇರಲಿ. ಊರವರು ನಗಲಿ. ಮಗು ಮತ್ತೆ ಕೋಣೆ ಸೇರುವುದು ಬೇಡ.

ನಾನು ಬದಲಾಗಿಬಿಟ್ಟೆ ಎಂದುಕೊಳ್ಳಬೇಡ. ಚಲುವಿಯ ಜೊತೆ ಆಡಿ ಬಂದ ಮಗುವಿಗೆ ನಿನ್ನೆಯೂ ತಲೆಗೆ ನೀರು ಹಾಕಿಯೇ ಒಳಗೆ ಕರೆದೆ. ಚೊಂಬು ಎತ್ತುವಾಗ ಕೈ ಒಂದಿಷ್ಟು ತಡೆಯಿತು, ಅಷ್ಟೇ. ಪಂಕಜಳಿಗೆ ಮೂಗರ್ಜಿಯ ವಿಷಯ ಗೊತ್ತಿಲ್ಲ. ನೀನು ಬಂದಾಗಲೂ ಎತ್ತಬೇಡ.

ಇಂತಿ ನಿನ್ನ ತಾಯಿ,
ತಿರುಮಲಮ್ಮ

ತಾ. ಕ.: ಪಂಕಜಳಿಗೆ ಗೊತ್ತಿಲ್ಲವೆಂದು ಬರೆದದ್ದು ಸುಳ್ಳು. ನಿನ್ನೆ ಸಂಜೆ ಪಕ್ಕದಲ್ಲಿ ಕೂತು, ಮೇಷ್ಟ್ರಮ್ಮನ ಮೇಲೆ ಬರೆದವರು ಯಾರು ಅಜ್ಜಿ ಎಂದು ಕೇಳಿದಳು. ನನಗೇನು ಗೊತ್ತು ಎಂದೆ. ಆಗ ಅವಳ ಅಂಗೈ ನನ್ನ ಕೆನ್ನೆಯ ಮೇಲಿತ್ತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಆಯ್ತು ಅಜ್ಜಿ ಎಂದು ಕೈ ತೆಗೆದಳು. ಇವತ್ತು ಬೆಳಿಗ್ಗೆ ಶಾಲೆಗೆ ಹೊರಡುವಾಗ ನಾನು ಕೈ ಚಾಚಿದರೆ ಹಿಡಿಯಲಿಲ್ಲ. ಗೋಡೆ ಸವರಿಕೊಂಡು ಒಬ್ಬಳೇ ಬೀದಿಯ ತುದಿಯವರೆಗೆ ನಡೆದಳು. ಅಲ್ಲಿ ಚಲುವಿ ಅವಳಿಗಾಗಿ ನಿಂತಿದ್ದಳು.