ಕಾಯದ ಒಂದು ಗಂಟೆ

೧೨ ಜನವರಿ ೧೯೯೮, ಸೋಮವಾರ
ಇವತ್ತೂ ಅದೇ. ಪಾರದರ್ಶಕ ಪ್ಲಾಸ್ಟಿಕ್ ತುಂಡು, ಅದನ್ನಿಡುವ ಉಕ್ಕಿನ ಗಟ್ಟಿ ಡಬ್ಬಿ, ಅಂದರೆ ಸೆಲ್, ಒಳಗೆ ಎಣ್ಣೆ. ಪಂಪ್ ಒತ್ತಿ ಒತ್ತಡ ಏರಿಸುವುದು. ತುಂಡಿನೊಳಗೆ ಶಬ್ದ ಎಷ್ಟು ವೇಗವಾಗಿ ಓಡುತ್ತದೆ, ಬೆಳಕು ಎಷ್ಟು ಬಾಗುತ್ತದೆ, ಬರೆದುಕೊಳ್ಳುವುದು. ಒತ್ತಡ ಹೆಚ್ಚಿದಂತೆ ಎರಡೂ ಹೆಚ್ಚುತ್ತವೆ. ಆದರೆ ಪ್ರತಿ ಸಲ ಒಂದು ಗಂಟೆ ಕಾಯಬೇಕು. ಒತ್ತಿದಾಗ ಬಿಸಿಯಾದ ಪ್ಲಾಸ್ಟಿಕ್ ತಣ್ಣಗಾಗಿ, ನಿಧಾನಕ್ಕೆ ಅಡಕವಾಗಬೇಕು.

ನಾನು ಕಾದದ್ದು ಐದು ನಿಮಿಷ. ಸೆಲ್ಲಿನ ಗಾಜಿನ ಕಿಂಡಿಯಲ್ಲಿ ಬೆಳಕಿನ ಪಟ್ಟಿಗಳು ಇನ್ನೂ ಸರಿಯುತ್ತಲೇ ಇದ್ದವು, ಅಂದರೆ ತುಂಡು ಇನ್ನೂ ಅಡಕವಾಗುತ್ತಿತ್ತು. ಲ್ಯಾಬ್ ಬುಕ್ಕಿನಲ್ಲಿ ಮಾತ್ರ ‘ಒಂದು ಗಂಟೆ’. ಶಂಕರಘಟ್ಟದಿಂದ ಐದೂಕಾಲರ ಬಸ್ ಸಿಕ್ಕಿತು. ಸೀಟೂ ಸಿಕ್ಕಿತು.

೧೬ ಜನವರಿ
ನನ್ನ ಸಂಶೋಧನೆಯ ಗೈಡ್ ಜನಾರ್ದನ ಸರ್ ಗ್ರಾಫ್ ನೋಡಿದರು. ಒತ್ತಡ ಏರಿಸುವಾಗಿನ ಗೆರೆ ಒಂದು ಕಡೆ, ಇಳಿಸುವಾಗಿನದು ಇನ್ನೊಂದು ಕಡೆ. ಎರಡೂ ಕೂಡಬೇಕಿತ್ತು.

“ನೀನು ಗಂಟೆಗಟ್ಲೆ ಕಾದಿದೀಯ. ಅಂದ್ಮೇಲೆ ಸೆಲ್ಲೇ ಲೀಕ್ ಕಣಮ್ಮ.”

ತಲೆಯಾಡಿಸಿದೆ. ನಿಜ ಹೇಳುವ ಬದಲು ಸೆಲ್ ಬಿಚ್ಚತೊಡಗಿದೆ.

ಸೆಲ್ ಮಾಡಿದವರು ಭದ್ರಾವತಿಯ ಏಕಾಂತಪ್ಪ. ಕಾರ್ಖಾನೆಯಿಂದ ರಿಟೈರ್ ಆದ ಟರ್ನರ್. ಹಳೇನಗರದ ಮನೆ ಹಿಂದೆ ಶೆಡ್, ಕಬ್ಬಿಣ ಕಡೆಯಲು ಒಂದೇ ಲೇತ್. ರಿಪೇರಿಗೆ ನಾನೇ ಒಯ್ದು ಕೊಡಬೇಕಂತೆ.

೨೪ ಜನವರಿ
ಕೊಟ್ಟು ಬಂದಿದ್ದ ಸೆಲ್ ತರಲು ಹೋದೆ. ಏಕಾಂತಪ್ಪನವರ ಮುಖ ನೋಡಲಾಗಲಿಲ್ಲ.

“ಎಣ್ಣೆ ಸೋರದ ಹಾಗೆ ಹೊಸಾ ಸೀಲ್ ಹಾಕಿದೀನಿ ತಾಯಿ. ಅದಕ್ಕೂ ಮುಂಚೆ ಹಳೇ ಸೀಲ್ ಇದ್ದ ಹಾಗೇ ಪಂಪಿಗೆ ಕಟ್ಟಿ ಬೆಳಿಗ್ಗೆಯಿಂದ ಸಂಜೆತನ್ಕ ಒತ್ತಡದ ಮುಳ್ಳು ನೋಡ್ತಾ ಕೂತಿದ್ದೆ. ಅಲ್ಲಾಡ್ಲೇ ಇಲ್ಲ.”

“ಮತ್ತೆ?” ಎಂದೆ. ಏನೂ ಗೊತ್ತಿಲ್ಲದವಳ ಹಾಗೆ!

“ನನ್ನ ಕಣ್ಣೇ ಹೋಗಿರ್ಬೇಕು. ನೀವು ಗಂಟೆಗಟ್ಲೆ ಕೂತು ಬರ್ದಿದೀರಲ್ಲ. ಇನ್ನು ಈ ಕಣ್ಣಿಟ್ಕೊಂಡು ಲೇತ್ ಓಡಿಸ್ಬಾರ್ದು. ಅದನ್ನ ಮಾರ್‌ಬಿಡ್ತೀನಿ.”

ಅವರ ಹೆಂಡತಿ ಸುವರ್ಣಮ್ಮ ಮಂಡಕ್ಕಿ ಕೊಟ್ಟರು. ತಿಂದೆ. ನಾಚಿಕೆಗೆಟ್ಟವಳು ನಾನು. ಸೋಮವಾರ ಸರ್‌ಗೆ ಹೇಳಿಬಿಡಬೇಕು.

೯ ಫೆಬ್ರವರಿ
ಎರಡು ಸೋಮವಾರ ಹಾಗೇ ಹೋದವು. ಇವತ್ತು ಮೂರನೆಯದು.

ಹೋದ ವಾರವೆಲ್ಲ ನಿಜವಾಗಿ ಕಾದೆ, ಪ್ರತಿ ಸಲ ಒಂದು ಗಂಟೆ. ಪಟ್ಟಿಗಳು ನಿಂತವು. ಗೆರೆಗಳು ಹೆಚ್ಚುಕಡಿಮೆ ಕೂಡಿದವು. ಸರ್‌ಗೆ ಖುಷಿ. “ನೋಡಿದ್ಯಾ? ಸೀಲ್ ಬದಲಾಯ್ಸಿದ್ದಕ್ಕೆ ಸರಿಹೋಯ್ತು.”

ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಸರ್ ಲ್ಯಾಬ್ ಬುಕ್ ಮುಚ್ಚಿದರು. “ಮೂರು ತಿಂಗಳ ರೀಡಿಂಗ್ ಎಲ್ಲಾ ಮತ್ತೆ ತಗೋ. ಮೊದ್ಲು ಭದ್ರಾವತಿಗೆ ಹೋಗು.”

೧೦ ಫೆಬ್ರವರಿ
ಶೆಡ್ಡಿನಲ್ಲಿ ಲೇತ್ ಇಲ್ಲ. ಕೊಂಡವರು ಹೋದ ವಾರವೇ ಒಯ್ದರಂತೆ. ಸಿಮೆಂಟ್ ನೆಲದಲ್ಲಿ ನಾಲ್ಕು ಬೋಲ್ಟಿನ ತೂತು.

ಎಲ್ಲ ಹೇಳಿದೆ. ಐದು ನಿಮಿಷ, ಬಸ್ಸು, ಬರೆದ ಸುಳ್ಳು. ಏಕಾಂತಪ್ಪ ನೆಲದ ಆ ತೂತುಗಳನ್ನು ನೋಡಿದರು. ಆಮೇಲೆ ಮನೆ ಕಡೆ ತಿರುಗಿ ಕೂಗಿದರು—

“ಸುವರ್ಣಾ, ಕೇಳಿಸ್ತಾ? ನನ್ನ ಕಣ್ಣಿಗೆ ಏನೂ ಆಗಿಲ್ವಂತೆ ಕಣೇ!”

ಮುಖದ ತುಂಬ ನಗು. ಕೈ ಮುಗಿದರು. ನನಗೆ! ಒಂದು ಮಾತು ಬೈದಿದ್ದರೆ...