ಹುಮನಾಬಾದಿನ ರೈಲು

ಬಸವಕಲ್ಯಾಣ, ಮೇ ೨೦

ದಾನೇಶ್ವರಿಯ ಅಪ್ಪಾಜಿಯವರಿಗೆ ನಮಸ್ಕಾರ.

ಮಗಳ ಕಣ್ಣು ಈ ವರ್ಷವೇ ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಿದ ಮೇಲೆ ನೀವು ಸೋಲಾಪುರದಿಂದ ಬಂದಿಲ್ಲ. "ನನಗ ನೋಡಲಾಕ ಆಗಂಗಿಲ್ಲ" ಎಂದವರು ಫೋನನ್ನೂ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರ.

ಈ ರಜೆಯಲ್ಲಿ ಅವಳಿಗೆ ಕೋಟೆ, ತ್ರಿಪುರಾಂತ ಕೆರೆ ಎಲ್ಲ ತೋರಿಸಿದೆ. ಮಧ್ಯಾಹ್ನ ಕುಳಿತು ಅವುಗಳ ಚಿತ್ರ ಬರೆಯುತ್ತಾಳೆ. ಗೆರೆಗಳು ಹಾಳೆ ದಾಟಿ ನೆಲಕ್ಕೆ ಹೋಗುತ್ತವೆ.

ರೈಲು ನೋಡಬೇಕೆಂದಳು. ನಿನ್ನೆ ಹುಮನಾಬಾದ್ ಸ್ಟೇಷನ್ನಿಗೆ ಕರೆದೊಯ್ದೆ. ರೈಲು ಎದುರಿಗೇ ಬಂದು ನಿಂತಾಗ, "ಅವ್ವಾ, ಯಾವ ಬಣ್ಣ ಅದ?" ಎಂದು ಕೇಳಿದಳು. ಬಸ್ಸಿನಲ್ಲಿ ಮರಳುವಾಗ, "ಅಪ್ಪಾಜಿ ಮಾರಿ ಮರಿಯಾಕತ್ತೇನಿ" ಎಂದಳು.

ನಾನು ಜಗಳ ಮಾಡುವುದಿಲ್ಲ. ಈ ವಾರವೇ ಬಂದು ಅವಳಿಗೆ ಮುಖ ತೋರಿಸಿ. ಹಳದಿ ಅಂಗಿ ಹಾಕಿಕೊಂಡು ಬನ್ನಿ, ಆ ಬಣ್ಣವೊಂದು ಅವಳಿಗೆ ಇನ್ನೂ ಕಾಣುತ್ತದೆ.

ದಾರಿ ಕಾಯುತ್ತಿರುವ,
ಮನೀಷಾ